ಮದುವೆಯಾದ ಮಗಳ ಅರ್ಜಿ

ನನ್ನ ಬೀಳ್ಕೊಡುಗೆಯ ದಿನ ತಿರುವನಂತಪುರದ ಕೇಂದ್ರ ಕಚೇರಿಯಲ್ಲಿ ನಿರ್ದೇಶಕರು ನನ್ನನ್ನು ಕುರಿತು ಏಳು ನಿಮಿಷ ಮಾತನಾಡಿದರು. ಗಡಿಯಾರ ನನ್ನ ಎದುರಿಗೇ ಇತ್ತು. ಆ ಏಳು ನಿಮಿಷಗಳಲ್ಲಿ ನಾನು ಮಾಡದೇ ಇದ್ದ ಮೂರು ಕೆಲಸಗಳಿಗಾಗಿ ನನ್ನನ್ನು ಹೊಗಳಿದರು; ಮಾಡಿದ ಒಂದು ಕೆಲಸದ ಬಗ್ಗೆ ಚಕಾರವೆತ್ತಲಿಲ್ಲ. ಆ ಒಂದನ್ನು ನಾನೇ ಬರೆಯುತ್ತೇನೆಂದು ಅಲ್ಲೇ, ಹಾರದ ಭಾರದಡಿಯಲ್ಲೇ, ತೀರ್ಮಾನಿಸಿದೆ. ಸರ್ಕಾರಿ ಸಂಸ್ಥೆಗಳ ಕಾನೂನು ವಿಭಾಗಕ್ಕೆ ಈಗ ಸೇರುತ್ತಿರುವ ಹುಡುಗ ಹುಡುಗಿಯರು ಇದನ್ನು ಓದಿದರೆ ಅವರಿಗೆ ಉಪಯೋಗವಾದೀತು. ನಿರ್ದೇಶಕರು ಓದಿದರೆ ನನಗೆ ಸಂತೋಷವಾದೀತು.

ನಾನು ಪುತ್ತೂರಿನ ಕಡೆಯವಳು. ಮಂಗಳೂರಿನಲ್ಲಿ ಕಾನೂನು ಓದಿ, ಕೇಂದ್ರ ಸರ್ಕಾರದ ಅಧೀನದಲ್ಲಿದ್ದ ಒಂದು ಸಂಶೋಧನಾ ಸಂಸ್ಥೆಯ ಕಾನೂನು ವಿಭಾಗಕ್ಕೆ ಸಹಾಯಕಿಯಾಗಿ ಸೇರಿದೆ. ಮೊದಲ ಅರ್ಧ ಸೇವೆ ಕೊಚ್ಚಿಯ ಘಟಕದಲ್ಲಿ, ಎಂದರೆ ಕಳಮಶ್ಶೇರಿಯಲ್ಲಿ, ಉಳಿದರ್ಧ ತಿರುವನಂತಪುರದಲ್ಲಿ. ಬಡ್ತಿಗಳ ಪಟ್ಟಿ ಇಲ್ಲಿ ಬೇಡ. ಅವು ತಡವಾಗಿ ಬಂದವು. ಏಕೆ ತಡವಾದವೆಂದು ನನಗೂ ಗೊತ್ತು, ತಡಮಾಡಿದವರಿಗೂ ಗೊತ್ತು.

ಕಾನೂನು ವಿಭಾಗವೆಂದರೆ ನ್ಯಾಯಾಲಯದಲ್ಲಿ ಗುಡುಗುವುದೆಂದು ನಮ್ಮ ಊರಿನವರು ತಿಳಿದಿದ್ದರು. ನನ್ನ ಅತ್ತೆಯವರಂತೂ ಕೊನೆಯವರೆಗೂ ನನ್ನ ಕಪ್ಪು ಕೋಟು ಎಲ್ಲಿ ಎಂದು ಕೇಳುತ್ತಿದ್ದರು. ಕೋಟು ಹಾಕಿ ಗುಡುಗುವವರು ವಕೀಲರು. ಅವರು ಗುಡುಗಬೇಕಾದದ್ದನ್ನು ಕಚೇರಿಯಲ್ಲಿ ಕುಳಿತು ಬರೆದುಕೊಡುವವರು ನಾವು. ನೌಕರನೊಬ್ಬನ ಅರ್ಜಿ ಬರುತ್ತದೆ. ನಿಯಮ ಏನೆನ್ನುತ್ತದೆಂದು ನೋಡಿ ನಾವು ಟಿಪ್ಪಣಿ ಬರೆಯುತ್ತೇವೆ. ಮೇಲಿನವರು ಸಹಿ ಹಾಕುತ್ತಾರೆ. ಅರ್ಜಿದಾರ ನ್ಯಾಯಮಂಡಳಿಗೆ ಹೋದರೆ ಅವನ ದೂರಿನ ಪ್ರತಿಯೊಂದು ಪ್ಯಾರಾಕ್ಕೂ ಉತ್ತರ ಬರೆದು ವಕೀಲರಿಗೆ ಒಪ್ಪಿಸುತ್ತೇವೆ. ಗೆದ್ದರೆ ವಕೀಲರು ಗೆದ್ದಂತೆ. ಸೋತರೆ ಪ್ಯಾರಾವಾರು ಉತ್ತರ ದುರ್ಬಲವಾಗಿತ್ತೆಂದು ಅರ್ಥ.

ನನಗೆ ಕೆಲಸ ಕಲಿಸಿದವರು ಮೇನೋನ್ ಸರ್. ಬಿಳಿ ಮುಂಡು, ತೋಳು ಮಡಿಸಿದ ಬಿಳಿ ಅಂಗಿ, ಜೇಬಿನಲ್ಲಿ ಎರಡೂ ತುದಿ ಚೂಪು ಮಾಡಿದ ಪೆನ್ಸಿಲು. ಸೇರಿದ ಮೊದಲ ತಿಂಗಳಲ್ಲಿ ಅವರು ಕಚೇರಿಯ ಸಂವಿಧಾನದ ಪ್ರತಿಯನ್ನು ನನ್ನ ಮೇಜಿನ ಮೇಲಿಟ್ಟು, ದೆಹಲಿಯಿಂದ ಬಂದಿದ್ದ ತಿದ್ದುಪಡಿ ಚೀಟಿಗಳನ್ನು ಅಂಟಿಸಲು ಹೇಳಿದರು. ಆ ಕಾಲದಲ್ಲಿ ಪ್ರತಿ ತಿದ್ದುಪಡಿಗೂ ಹೊಸ ಪುಸ್ತಕ ಕೊಳ್ಳುವ ಪದ್ಧತಿ ಇರಲಿಲ್ಲ. ಬದಲಾದ ಭಾಗವನ್ನು ಅಚ್ಚು ಮಾಡಿದ ಚೀಟಿ ಬರುತ್ತಿತ್ತು. ಹಳೆಯ ಪಠ್ಯದ ಜಾಗದಲ್ಲಿ ಅದನ್ನು ಅಂಟಿಸಬೇಕಿತ್ತು. ನಾನು ಅಚ್ಚುಕಟ್ಟಿನ ಹೆಂಗಸು. ಚೀಟಿಯ ಬೆನ್ನಿಗೆಲ್ಲ ಗೋಂದು ಬಳಿದು, ಒಂದು ಗುಳ್ಳೆಯೂ ಏಳದಂತೆ ಸ್ಕೇಲಿನಿಂದ ಒತ್ತಿ, ಹಳೆಯ ಪಠ್ಯದ ಮೇಲೆಯೇ ಸರಿಯಾಗಿ ಕೂರಿಸಿದೆ. ಎರಡು ದಿನದ ಕೆಲಸ. ಹೊಗಳಿಕೆಗಾಗಿ ಕಾದೆ.

ಮೇನೋನ್ ಸರ್ ಪುಟ ತಿರುವಿದರು. "ಎಂದಾ ಕುಟ್ಟೀ ಇದು?" ಎಂದರು. ಇದೇನು ಮಗೂ ಎಂದು ಅರ್ಥ. ಆದರೆ ಅವರು ಹೇಳಿದ ಧಾಟಿಯಲ್ಲಿ ಮಗುವಿನ ಮೇಲಿನ ವಾತ್ಸಲ್ಯ ಇರಲಿಲ್ಲ. "ತಿದ್ದುಪಡಿಗೆ ಮುಂಚೆ ನಡೆದ ಪ್ರಕರಣವೊಂದು ನಾಳೆ ವಿಚಾರಣೆಗಿದೆ. ಆಗ ಪಠ್ಯ ಏನಿತ್ತು, ಓದಿ ಹೇಳು."

ಓದುವುದು ಹೇಗೆ? ಅದು ನನ್ನ ಗೋಂದಿನಡಿ ಸಮಾಧಿಯಾಗಿತ್ತು.

"ಚೀಟಿಯ ಒಂದೇ ಅಂಚಿಗೆ ಗೋಂದು ಹಚ್ಚಬೇಕು. ಎತ್ತಿದರೆ ಹಳೆಯದು ಕಾಣಬೇಕು, ಬಿಟ್ಟರೆ ಹೊಸದು. ಈಗ ಕ್ಯಾಂಟೀನಿಗೆ ಹೋಗಿ ಹಬೆ ಹಿಡಿಸು."

ಹೀಗೆ ನಾನು ಒಂದು ಇಡೀ ಮಧ್ಯಾಹ್ನ ಚಹಾದ ಕೆಟಲಿನ ಮೂತಿಗೆ ಭಾರತದ ಸಂವಿಧಾನವನ್ನು ಹಿಡಿದು ನಿಂತೆ. ಕ್ಯಾಂಟೀನಿನ ಕುಂಞುಮೋನ್ ಅರ್ಧ ಗಂಟೆಗೊಮ್ಮೆ ಬಂದು, "ಮ್ಯಾಡಂ, ಭರಣಘಟನ ವೆಂದೋ?" ಎಂದು ಕೇಳುತ್ತಿದ್ದ. ಸಂವಿಧಾನ ಬೆಂದಿತೇ ಎಂದು. ಇಡೀ ಕ್ಯಾಂಟೀನು ನಕ್ಕಿತು. ಯಾರ್ಯಾರು ನಕ್ಕರೆಂಬುದು ನನಗಿನ್ನೂ ನೆನಪಿದೆ. ಅವರಲ್ಲಿ ಇಬ್ಬರು ಮುಂದೆ ನನ್ನ ಕೈಕೆಳಗೆ ಕೆಲಸ ಮಾಡಿದರು.

ಸಂಜೆ ಪುಟ ಹರಿಯದೆ ಬಿಡಿಸಿಕೊಂಡಾಗ ಮೇನೋನ್ ಸರ್ ಸ್ವಲ್ಪ ಮೆದುವಾಗಿ ಒಂದು ಮಾತು ಹೇಳಿದರು. "ಅಕ್ಷರ ಬದಲಾದರೆ ದೆಹಲಿಯಿಂದ ಚೀಟಿ ಬರುತ್ತದೆ ಕುಟ್ಟಿ. ಓದುವ ರೀತಿ ಬದಲಾದರೆ ಯಾರೂ ಚೀಟಿ ಕಳಿಸುವುದಿಲ್ಲ. ತೀರ್ಪುಗಳನ್ನು ನೀನೇ ಹುಡುಕಿಕೊಂಡು ಓದಬೇಕು." ನಾನು ತಲೆಯಾಡಿಸಿದೆ. ಅಂದು ನನಗೆ ಅರ್ಥವಾದದ್ದು ಗೋಂದಿನ ವಿಷಯ ಮಾತ್ರ.

ತೀರ್ಪುಗಳನ್ನು ಓದತೊಡಗಿದ್ದೇನೋ ನಿಜ. ಸಂವಿಧಾನದ ಒಂದು ಪುಟ್ಟ ವಿಧಿ ವರ್ಷದಿಂದ ವರ್ಷಕ್ಕೆ ಹೇಗೆ ವಿಶಾಲವಾಗುತ್ತ ಹೋಗುತ್ತದೆಂದು ನೋಡುವುದು ಸೊಗಸು. ಆದರೆ ಆ ವೈಶಾಲ್ಯವನ್ನು ನಂಬಿ ಬರುವವರ ಹಾವಳಿಯೂ ಕಡಿಮೆಯಿರಲಿಲ್ಲ. ಜೀವಿಸುವ ಹಕ್ಕಿನಲ್ಲಿ ಗಾಳಿ ಸೇರಿದೆ, ಆದ್ದರಿಂದ ನನಗೆ ಕಿಟಕಿಯ ಪಕ್ಕದ ಕುರ್ಚಿ ಬೇಕೆಂದು ನಮ್ಮ ಘಟಕದ ಮೇಲ್ವಿಚಾರಕನೊಬ್ಬ ಆರು ಪುಟದ ಅರ್ಜಿ ಹಾಕಿದ. ಸಂವಿಧಾನದ ಮಾತುಗಳು ಎಷ್ಟೇ ಹಿಗ್ಗಿದರೂ ಆ ಕಿಟಕಿಯವರೆಗೆ ಬರುವುದಿಲ್ಲವೆಂದು ನಾನು ಒಂದೂವರೆ ಪುಟದಲ್ಲಿ ಉತ್ತರಿಸಿದೆ. ಅವನು ಸೋತ. ಮರುವರ್ಷ ಘಟಕದ ಮುಖ್ಯಸ್ಥರು ಅವನನ್ನು ಕಿಟಕಿಯ ಪಕ್ಕದಲ್ಲೇ ಕೂರಿಸಿದರು, ನನ್ನನ್ನು ಝೆರಾಕ್ಸ್ ಯಂತ್ರದ ಪಕ್ಕಕ್ಕೆ ಸರಿಸಿದರು. ಅದಕ್ಕೆ ಯಾವ ವಿಧಿಯೂ ಬೇಕಾಗಲಿಲ್ಲ.

ಮೇನೋನ್ ಸರ್ ನಿವೃತ್ತರಾದ ಮೇಲೆ ಬಂದವರು ಚಾಕೋ ಸರ್. ಒಂಬತ್ತು ವರ್ಷ ಜೊತೆಯಲ್ಲಿ ಕೆಲಸ ಮಾಡಿದರೂ ನನ್ನ ಹೆಸರು ಕಲಿಯದ ಮನುಷ್ಯ. ನನ್ನನ್ನು ಅವರು "ಮ್ಯಾಂಗಲೋರ್" ಎಂದು ಕರೆಯುತ್ತಿದ್ದರು. "ಮ್ಯಾಂಗಲೋರ್, ಆ ಕಡತ ಎಲ್ಲಿ?" ನಾನೂ ಅವರ ಊರು ಹಿಡಿದು ಅವರನ್ನು "ಕೋಟ್ಟಯಂ" ಎಂದು ಒಮ್ಮೆ ಕರೆದೆ. ಆ ವರ್ಷದ ನನ್ನ ಗೋಪ್ಯ ವರದಿಯಲ್ಲಿ "ಹಾಸ್ಯಪ್ರಜ್ಞೆ ಅನುಚಿತ" ಎಂಬ ಸಾಲು ಸೇರಿತು.

ಅವರ ಕಾಲದಲ್ಲೇ ಲೀಲಾಳ ಅರ್ಜಿ ಬಂದದ್ದು.

ಲೀಲಾಳ ತಂದೆ ನಮ್ಮ ಘಟಕದ ಜೀಪ್ ಚಾಲಕರಾಗಿದ್ದರು, ಸೇವೆಯಲ್ಲಿರುವಾಗಲೇ ತೀರಿಕೊಂಡರು. ಅಂಥವರ ಕುಟುಂಬದ ಒಬ್ಬರಿಗೆ ಅನುಕಂಪದ ಆಧಾರದ ಮೇಲೆ ಕೆಲಸ ಕೊಡುವ ನಿಯಮ ನಮ್ಮಲ್ಲಿತ್ತು: ಹೆಂಡತಿಗೆ, ಮಗನಿಗೆ ಅಥವಾ ಅವಿವಾಹಿತ ಮಗಳಿಗೆ. ಗಂಡುಮಕ್ಕಳಿರಲಿಲ್ಲ. ತಾಯಿಗೆ ಅಕ್ಷರ ಬಾರದು. ಒಬ್ಬಳೇ ಮಗಳು ಲೀಲಾ, ಹತ್ತನೇ ತರಗತಿ ಪಾಸಾದವಳು, ಟೈಪಿಂಗ್ ಕಲಿತವಳು. ತಂದೆಯ ಆರೋಗ್ಯ ಕೆಟ್ಟಿತೆಂದು ಅವಸರದಲ್ಲಿ ಅವಳ ಮದುವೆ ಮಾಡಿದ್ದರು. ಮದುವೆಯಾದ ಮೂರನೇ ತಿಂಗಳಿಗೆ ತಂದೆ ಹೋದರು.

ನನ್ನ ಟಿಪ್ಪಣಿ ಮೂರು ಸಾಲಿನದು. ಅರ್ಜಿದಾರಳು ವಿವಾಹಿತೆ. ನಿಯಮದಲ್ಲಿ ವಿವಾಹಿತ ಮಗಳ ಉಲ್ಲೇಖವಿಲ್ಲ. ಆದ್ದರಿಂದ ಅರ್ಜಿಯನ್ನು ತಿರಸ್ಕರಿಸಬಹುದು. ಚಾಕೋ ಸರ್ ಅದರ ಕೆಳಗೆ "ಅತ್ಯಂತ ಸ್ಪಷ್ಟ ಟಿಪ್ಪಣಿ" ಎಂದು ಹಸಿರು ಶಾಯಿಯಲ್ಲಿ ಬರೆದರು. ಒಂಬತ್ತು ವರ್ಷಗಳಲ್ಲಿ ಅವರು ನನ್ನನ್ನು ಹೊಗಳಿದ್ದು ಅದೊಂದೇ ಸಲ.

ತಿರಸ್ಕಾರದ ಪತ್ರ ತಲುಪಿದ ವಾರ ತಾಯಿ ಮಗಳು ಕಚೇರಿಗೆ ಬಂದರು. ಲೀಲಾ ಅಳಲಿಲ್ಲ, ಜಗಳಕ್ಕೇ ಬಂದಿದ್ದಳು; ಆದರೂ ನನ್ನನ್ನು ಅಕ್ಕ ಎಂದೇ ಕರೆದಳು.

"ಚೇಚೀ, ನೀವು ಮದುವೆಯಾದವರೇ ಅಲ್ಲವೇ?"

"ಹೌದು."

"ಅಂದಿನಿಂದ ನಿಮ್ಮ ಅಪ್ಪನಿಗೆ ನೀವು ಯಾರು? ಪಕ್ಕದ ಮನೆಯವರೇ?"

"ನಿಯಮ ಹಾಗಿದೆ," ಎಂದೆ.

"ಅಮ್ಮನನ್ನು ನೋಡಿಕೊಳ್ಳುತ್ತಿರುವವಳು ನಾನು. ನನ್ನ ಗಂಡ ನಮ್ಮ ಮನೆಯಲ್ಲೇ ಇದ್ದಾನೆ. ಬಂದು ನೋಡಿ!"

"ಅದನ್ನು ನೋಡಲು ನಿಯಮದಲ್ಲಿ ಅವಕಾಶವಿಲ್ಲ."

ಆಗ ಅಲ್ಲಿಯವರೆಗೆ ಸೆರಗಿನ ತುದಿಯನ್ನು ಸುತ್ತುತ್ತ ನಿಂತಿದ್ದ ತಾಯಿ ನನ್ನ ಕಡೆ ತಿರುಗಿ ಬಾಯಿ ತೆರೆದರು; ಆ ಕಡೆ ಅಧಿಕಾರಿ ಹೆಂಗಸಾದರೂ ಸಾರೇ. "ಎಲ್ಲ ನಾನು ಮಾಡಿದ್ದು ಸಾರೇ. ಮದುವೆ ಈಗಲೇ ಆಗಲಿ ಎಂದು ಹಟ ಹಿಡಿದವಳು ನಾನು. ಮೂರು ತಿಂಗಳು ಕಾದಿದ್ದರೆ ಇವಳಿಗೆ ಕೆಲಸ ಸಿಗುತ್ತಿತ್ತಲ್ಲವೇ?"

ಈ ಪ್ರಶ್ನೆಗೆ ಸುಮ್ಮನಿರಬಹುದಿತ್ತು. ನಾನು ಅಚ್ಚುಕಟ್ಟಿನ ಹೆಂಗಸು. ಕೇಳಿದ ಪ್ರಶ್ನೆಗೆ ಸರಿಯಾದ ಉತ್ತರ ಕೊಡುವವಳು. "ಹೌದು," ಎಂದೆ. "ಮದುವೆ ಆಗಿರದಿದ್ದರೆ ಅರ್ಜಿ ನಿಯಮದೊಳಗೆ ಬರುತ್ತಿತ್ತು."

ಆ ತಾಯಿ ತಲೆಯಾಡಿಸಿದರು, ತೀರ್ಪು ಕೇಳಿದವರ ಹಾಗೆ. ಇಬ್ಬರೂ ಹೋದರು. ನ್ಯಾಯಮಂಡಳಿಗೆ ಹೋಗುವ ಶಕ್ತಿ ಅವರಿಗಿರಲಿಲ್ಲ.

ನಾವು ಆಗ ಕೊಚ್ಚಿಯ ಕಲೂರಿನಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ನಮ್ಮವರು ಅಲ್ಲಿಯ ಬ್ಯಾಂಕೊಂದರಲ್ಲಿದ್ದರು. ಕೆಲವು ತಿಂಗಳ ಮೇಲೆ ಬಸ್ ಸ್ಟ್ಯಾಂಡಿನ ಹತ್ತಿರದ ಒಂದು ಹೊಲಿಗೆ ಅಂಗಡಿಯಲ್ಲಿ ಲೀಲಾ ಯಂತ್ರ ತುಳಿಯುತ್ತಿದ್ದುದು ಕಂಡಿತು. ಅಂದಿನಿಂದ ನಾನು ರಸ್ತೆಯ ಆಚೆ ಬದಿಯಲ್ಲಿ ನಡೆಯತೊಡಗಿದೆ.

"ಎಂತ ಮಾರಾಯ್ತಿ, ದಿನಾ ಆಚೆ ದಾಟುವುದು?" ಎಂದು ನಮ್ಮವರು ಕೇಳಿದರು.

"ಆ ಕಡೆ ನೆರಳು ಉಂಟು."

"ನೆರಳು? ಅಲ್ಲಿ ಒಂದು ಮರವೂ ಇಲ್ಲವಲ್ಲ!"

ಉತ್ತರ ಇಲ್ಲದ ಕಡೆ ಮೌನವಾಗಿರುವುದನ್ನು ಅಷ್ಟು ಹೊತ್ತಿಗೆ ಕಲಿತಿದ್ದೆ, ಬೇಕಾಗಿದ್ದಾಗ ಕಲಿತಿರಲಿಲ್ಲ.

ತಿರುವನಂತಪುರಕ್ಕೆ ವರ್ಗವಾಯಿತು. ಉಳ್ಳೂರಿನಲ್ಲಿ ಮನೆ ಮಾಡಿದೆವು. ಮಗಳು ನಾನು ಕನ್ನಡದಲ್ಲಿ ಬೈದರೆ ಮಲಯಾಳದಲ್ಲಿ ಎದುರು ಹೇಳುತ್ತ ಬೆಳೆದಳು. ಕಚೇರಿಯಲ್ಲಿ ಬೆರಳಚ್ಚು ಯಂತ್ರ ಹೋಗಿ ಗಣಕ ಬಂತು, ಕಾರ್ಬನ್ ಹಾಳೆ ಹೋಗಿ ಇ-ಕಡತ ಬಂತು. ಹಳೆಯ ಕಡತಗಳನ್ನೆಲ್ಲ ಸ್ಕ್ಯಾನ್ ಮಾಡಿಸುವ ಹೊಣೆಯನ್ನು ನನಗೆ ವಹಿಸಿದರು. ಅದು ಯಾರಿಗೂ ಬೇಡದ ಧೂಳಿನ ಕೆಲಸ. ಹಾಗಾಗಿಯೇ ನನ್ನ ಪಾಲಿಗೆ ಬಂತು. ಮುಖ್ಯವಾದವನ್ನಷ್ಟೇ ಮಾಡಿದರೆ ಸಾಕೆಂದರು. ಒಂದು ಹಾಳೆಯನ್ನೂ ಬಿಡಬಾರದೆಂದು ನಾನು ಹಟ ಹಿಡಿದೆ. ಕೊಚ್ಚಿಯಿಂದ ಲಾರಿಯಲ್ಲಿ ಕಡತಗಳನ್ನು ತರಿಸಿದೆ. ಆ ಶ್ರದ್ಧೆಯ ಫಲ ನನ್ನ ನಿವೃತ್ತಿಗೆ ಒಂದು ವರ್ಷವಿದ್ದಾಗ ಸಿಕ್ಕಿತು.

ಬಿನ್ಸಿ ಎಂಬ ಹೆಣ್ಣುಮಗಳೊಬ್ಬಳು ನ್ಯಾಯಮಂಡಳಿಗೆ ಹೋದಳು. ಅವಳ ತಾಯಿ ನಮ್ಮ ಪ್ರಯೋಗಾಲಯದಲ್ಲಿ ಅಟೆಂಡರ್ ಆಗಿದ್ದವರು, ಸೇವೆಯಲ್ಲಿರುವಾಗ ತೀರಿಕೊಂಡರು. ತಂದೆ ಹಾಸಿಗೆ ಹಿಡಿದಿದ್ದರು. ಬಿನ್ಸಿಗೆ ಮದುವೆಯಾಗಿತ್ತು. ನಿಯಮ ಅದೇ ಹಳೆಯದು. ಸಂಸ್ಥೆಯ ಪರವಾಗಿ ಪ್ಯಾರಾವಾರು ಉತ್ತರ ಬರೆಯಬೇಕಾದವಳು ನಾನು.

ನಮ್ಮ ಕಾನೂನು ಸಲಹೆಗಾರರು ವಿಜಯನ್ ಸರ್. ನನಗಿಂತ ಹದಿನೆಂಟು ವರ್ಷ ಚಿಕ್ಕವರು, ದೆಹಲಿಯಲ್ಲಿ ಓದಿದವರು, ಒಳ್ಳೆಯವರೇ, ಅವಸರದವರು. ಒಂದು ದಿನ ಗಣಕದ ಪರದೆಯನ್ನು ನನ್ನ ಕಡೆ ತಿರುಗಿಸಿದರು.

"ನೋಡಿ ಮೇಡಂ, ಹುಡುಕಿದ ಕೂಡಲೇ ಸಿಕ್ಕಿತು! ಕೊಚ್ಚಿ ಘಟಕದ ಪೂರ್ವನಿದರ್ಶನ. ಮೂರೇ ಸಾಲು, ಏನು ಸ್ಪಷ್ಟತೆ! ಕೈಬರಹವೂ ಮುತ್ತಿನಂತಿದೆ. ಇದನ್ನೇ ಉತ್ತರಕ್ಕೆ ಲಗತ್ತಿಸಿಬಿಡೋಣ."

ಹಸಿರು ಶಾಯಿಯ ಹೊಗಳಿಕೆಯೂ ಸೇರಿದಂತೆ ಎಲ್ಲವೂ ಚೆನ್ನಾಗಿ ಸ್ಕ್ಯಾನ್ ಆಗಿತ್ತು.

"ಅದು ನನ್ನ ಟಿಪ್ಪಣಿ," ಎಂದೆ.

"ಹೌದೇ? ಮತ್ತಿನ್ನೇನು! ಕೆಲಸ ಇನ್ನೂ ಸುಲಭ."

"ಅದು ತಪ್ಪು, ಸರ್."

ಅವರು ಕಾಫಿಯ ಲೋಟ ಕೆಳಗಿಟ್ಟರು. ನಾಲ್ಕು ದಿನ ವಾದ ನಡೆಯಿತು. ಕಾನೂನಿನ ವಿಷಯದಲ್ಲಿ ಅವರನ್ನು ಒಪ್ಪಿಸುವುದು ಕಷ್ಟವಾಗಲಿಲ್ಲ. ಮಗನಿಗೆ ಮದುವೆಯಾದರೂ ಕೆಲಸ ಕೊಡುವ ನಿಯಮ ಮಗಳಿಗೆ ಮದುವೆಯಾಯಿತೆಂದು ಬಾಗಿಲು ಹಾಕಿದರೆ, ಸಮಾನತೆಯ ವಿಧಿಯ ಮುಂದೆ ಅದು ನಿಲ್ಲುವುದಿಲ್ಲವೆಂದು ಕೆಲವು ಉಚ್ಚ ನ್ಯಾಯಾಲಯಗಳು ಅಷ್ಟು ಹೊತ್ತಿಗೆ ಹೇಳಿದ್ದವು. ನಾನು ಅವನ್ನೆಲ್ಲ ಓದಿ ಗುರುತು ಹಾಕಿಟ್ಟಿದ್ದೆ. ಬಿನ್ಸಿಗೆ ಕೆಲಸ ಕೊಡೋಣ, ನಿಯಮ ತಿದ್ದೋಣ ಎಂಬಲ್ಲಿಗೆ ಅವರು ಎರಡನೆಯ ದಿನವೇ ಬಂದರು. ಜಗಳ ಉಳಿದದ್ದು ಕಾರಣ ಬರೆಯುವಲ್ಲಿ.

"ಹೀಗೆ ಬರೆಯಿರಿ ಮೇಡಂ," ಎಂದರು. "ಸಮಾಜ ಬದಲಾಗಿದೆ. ಹೆಣ್ಣುಮಕ್ಕಳು ಈಗ ತಂದೆತಾಯಿಯರ ಹೊಣೆ ಹೊರುತ್ತಿದ್ದಾರೆ. ಬದಲಾದ ಕಾಲಕ್ಕೆ ತಕ್ಕಂತೆ ನಿಯಮವನ್ನು ಮರುಪರಿಶೀಲಿಸಲಾಗಿದೆ. ಅಂದು ಮಾಡಿದ್ದೂ ಸರಿ, ಇಂದು ಮಾಡುತ್ತಿರುವುದೂ ಸರಿ. ಯಾರಿಗೂ ನೋವಿಲ್ಲ."

"ಲೀಲಾ ಎಂಬವಳಿಗೆ ಇದೆ."

"ಯಾರು ಲೀಲಾ?"

"ಆ ಮೂರು ಸಾಲಿನ ಅರ್ಜಿದಾರಳು. ಅವಳೂ ಅಂದು ತಾಯಿಯ ಹೊಣೆ ಹೊತ್ತಿದ್ದಳು. ಬಂದು ನೋಡಿ ಎಂದಳು; ನಾನು ಹೋಗಲಿಲ್ಲ. ಇದರಲ್ಲಿ ಸಮಾಜ ಏನು ಬದಲಾಯಿತು, ಸರ್?"

"ಮೇಡಂ, ಒಬ್ಬೊಬ್ಬರು ಒಂದೊಂದು ಕಾಲದಲ್ಲಿ ತಮಗೆ ತೋಚಿದಂತೆ ಸಂವಿಧಾನ ಓದಿದರೆ ಅದಕ್ಕೆ ಬೆಲೆ ಇದೆಯೇ? ಅಂದಿನವರು ಅಂದಿನಂತೆ ಓದಿದರು."

ಇದು ಹಗುರವಾದ ಮಾತಲ್ಲ. ಗಾಳಿ ಬಂದ ಕಡೆ ತೂರಿಕೊಳ್ಳುವ ಓದನ್ನು ನಾನೂ ಒಪ್ಪುವವಳಲ್ಲ. ಕಿಟಕಿಯ ಕುರ್ಚಿಯನ್ನು ತಡೆದವಳು ನಾನೇ. ಆದರೆ ಇಲ್ಲಿ ಸಂವಿಧಾನದ ಒಂದು ಅಕ್ಷರವೂ ಬದಲಾಗಿರಲಿಲ್ಲ. ಹೆಣ್ಣೆಂಬ ಕಾರಣಕ್ಕೆ ಭೇದ ಮಾಡಬಾರದೆಂಬ ಮಾತು ನಾನು ಆ ಮೂರು ಸಾಲು ಬರೆದ ದಿನವೂ ನನ್ನ ಮೇಜಿನ ಮೇಲಿದ್ದ ಪುಸ್ತಕದಲ್ಲಿತ್ತು. ಮದುವೆಯಾದವಳು ಇನ್ನೊಂದು ಮನೆಗೆ ಸೇರಿದಳು ಎಂಬುದು ಪುಸ್ತಕದಲ್ಲಿರಲಿಲ್ಲ. ಅದು ನನ್ನ ತಲೆಯಲ್ಲಿತ್ತು, ನಿಯಮ ಬರೆದವರ ತಲೆಯಲ್ಲಿತ್ತು. ನಾನು ನಿಯಮವನ್ನು ಓದಿದೆ, ಪುಸ್ತಕ ತೆರೆಯಲಿಲ್ಲ. ಕಾಲ ಬದಲಾದದ್ದರಿಂದ ನಮಗೆ ಬಂದದ್ದು ಹೊಸ ಅರ್ಥವಲ್ಲ, ಮೊದಲಿನಿಂದ ಇದ್ದದ್ದು ಕಾಣುವಷ್ಟು ಬೆಳಕು. ಇಷ್ಟನ್ನೂ ವಿಜಯನ್ ಸರ್‌ಗೆ ನಿಂತುಕೊಂಡೇ ಹೇಳಿದೆ. ಕುಳಿತುಕೊಳ್ಳಿ ಎಂದು ಅವರು ಹೇಳಿರಲಿಲ್ಲ, ಮರೆತಿದ್ದರೆಂದು ಭಾವಿಸುತ್ತೇನೆ.

"ಸಮಾಜ ಬದಲಾಗಿದೆ ಎಂದು ಬರೆದರೆ ಲೀಲಾಳನ್ನು ತಿರಸ್ಕರಿಸಿದ್ದು ಸರಿ ಎಂದು ನಾವು ಇನ್ನೊಮ್ಮೆ ಸಹಿ ಹಾಕಿದಂತಾಗುತ್ತದೆ," ಎಂದೆ.

"ನೀವು ಬರೆಯುವುದಾದರೆ ಏನು ಬರೆಯುತ್ತೀರಿ?"

"ಹಿಂದಿನ ಟಿಪ್ಪಣಿ ತಪ್ಪಾಗಿತ್ತು ಎಂದು."

"ಸರ್ಕಾರಿ ಕಡತದಲ್ಲಿ ಆ ಪದ ಬಳಸಿದವರನ್ನು ನಾನು ನೋಡಿಲ್ಲ."

"ನಾನೂ ನೋಡಿಲ್ಲ. ಆದರೆ ತಪ್ಪು ನನ್ನದು. ಬಳಸುವ ಹಕ್ಕೂ ನನ್ನದೇ."

ಹೊಸಬರಿಗೆ ಇದು ತಿಳಿದಿರಲಿ: ನಮ್ಮ ಕಡತಗಳಲ್ಲಿ ಯಾರೂ ತಪ್ಪು ಮಾಡುವುದಿಲ್ಲ. "ನಂತರದ ಬೆಳವಣಿಗೆಗಳ ಹಿನ್ನೆಲೆಯಲ್ಲಿ" ಎನ್ನುತ್ತೇವೆ, "ವಿಷಯವನ್ನು ಹೊಸದಾಗಿ ಪರಿಶೀಲಿಸಲಾಗಿ" ಎನ್ನುತ್ತೇವೆ. ಮೂವತ್ತು ವರ್ಷ ನಾನೂ ಅದೇ ಭಾಷೆ ಬರೆದವಳು, ಚೆನ್ನಾಗಿಯೇ ಬರೆದವಳು. ಅಂದು ಬರೆದದ್ದು ಇಷ್ಟು: ಲೀಲಾ ಅವರ ಅರ್ಜಿಯ ಮೇಲೆ ನಾನು ಬರೆದ ಟಿಪ್ಪಣಿ ತಪ್ಪು. ಅಂದು ಜಾರಿಯಲ್ಲಿದ್ದ ಸಂವಿಧಾನದ ಪ್ರಕಾರವೇ ಅದು ತಪ್ಪು. ಅವರ ವಿವಾಹ ಅವರ ಅರ್ಜಿಗೆ ಅಡ್ಡಿಯಾಗಬಾರದಿತ್ತು. ಎರಡೂ ಅರ್ಜಿಗಳನ್ನು ಪರಿಗಣಿಸಬೇಕು.

ಬಿನ್ಸಿಗೆ ಕೆಲಸ ಸಿಕ್ಕಿತು. ನಿಯಮದಿಂದ "ಅವಿವಾಹಿತ" ಎಂಬ ಪದ ಹೋಯಿತು. ಲೀಲಾಳ ಬಗ್ಗೆ ನಿರ್ದೇಶಕರು "ವಯೋಮಿತಿ ಮೀರಿದೆ, ಕ್ರಮ ಅನಗತ್ಯ" ಎಂದು ಬರೆದರು. ಅದೂ ನಿಯಮವೇ, ಅದನ್ನು ದಾಟಲು ನನಗೆ ದಾರಿ ಸಿಗಲಿಲ್ಲ. ನನಗೆ "ಟಿಪ್ಪಣಿಗಳಲ್ಲಿ ವೈಯಕ್ತಿಕ ಭಾವನೆಗಳನ್ನು ವರ್ಜಿಸತಕ್ಕದ್ದು" ಎಂಬ ಸೂಚನಾಪತ್ರ ಬಂತು. ಆರಂಭದಲ್ಲಿ ಹೇಳಿದೆನಲ್ಲ, ಏಳು ನಿಮಿಷದಲ್ಲಿ ಬಾರದ ಒಂದು ಕೆಲಸ, ಅದು ಇದು.

ಆದರೆ ಒಂದು ವಾಕ್ಯ ಇನ್ನೂ ಬಾಕಿಯಿತ್ತು. ಆ ತಾಯಿಗೆ ನಾನು ಹೇಳಿದ್ದ ವಾಕ್ಯ.

ಕಡತದ ಹಾಳೆಯನ್ನು ಚೀಲಕ್ಕೆ ತುರುಕಿಕೊಂಡು ಮನೆಗೆ ಒಯ್ಯುವ ಪೈಕಿಯವಳಲ್ಲ ನಾನು. ನಿವೃತ್ತಳಾದ ಮೇಲೆ, ನಾನೇ ಬರೆದ ಟಿಪ್ಪಣಿಯ ಪ್ರತಿ ಬೇಕೆಂದು ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿದೆ. ಕಾನೂನು ಕೊಟ್ಟ ಮೂವತ್ತು ದಿನಗಳಲ್ಲಿ ಮೂವತ್ತನ್ನೂ ಅವರು ತೆಗೆದುಕೊಂಡರು. ಪ್ರತಿ ಬಂದ ವಾರವೇ ನಮ್ಮವರೊಂದಿಗೆ ರೈಲಿನಲ್ಲಿ ಎರ್ನಾಕುಳಕ್ಕೆ ಹೋಗಿ, ಅಲ್ಲಿಂದ ಮೆಟ್ರೋದಲ್ಲಿ ಕಲೂರಿಗೆ ಹೋದೆ. ಹೊಲಿಗೆ ಅಂಗಡಿ ಈಗ ಲೀಲಾಳದೇ. ತಲೆ ನರೆತಿದೆ, ಮೂಗಿನ ಮೇಲೆ ಕನ್ನಡಕ. ನನ್ನನ್ನು ಗುರುತಿಸಲು ಅವಳಿಗೆ ಒಂದು ಕ್ಷಣವೂ ಬೇಕಾಗಲಿಲ್ಲ.

"ಚೇಚಿ ಯಾವಾಗಲೂ ಆಚೆ ಬದಿಯಲ್ಲಿ ಹೋಗುತ್ತಿದ್ದಿರಿ," ಎಂದಳು.

ನಮ್ಮವರು ನನ್ನ ಮುಖ ನೋಡಿದರು. ನಾನು ಕಾಗದ ಕೊಟ್ಟೆ. ಅವಳು ಕತ್ತರಿಯನ್ನು ಬದಿಗಿಟ್ಟು ನಿಧಾನವಾಗಿ ಓದಿದಳು. ಓದಿ, ಮತ್ತೆ ಮೊದಲಿನಿಂದ ಓದಿದಳು.

"ಕೆಲಸ ಸಿಗುತ್ತದೆಯೇ?"

"ಇಲ್ಲ. ವಯಸ್ಸು ಮೀರಿತು."

"ಮತ್ತೆ ಇದು ಯಾತಕ್ಕೆ?"

"ಅಮ್ಮ ಇದ್ದಾರೆಯೇ?"

ಅವಳಿಗೆ ಅರ್ಥವಾಯಿತು. ಅಂಗಡಿಯ ಬಾಗಿಲನ್ನು ಅರ್ಧ ಎಳೆದು ಹಿಂದಿನ ಓಣಿಗೆ ಕರೆದುಕೊಂಡು ಹೋದಳು. "ಒಂದು ಮದುವೆಯ ಕರೆಯೋಲೆ ಬಂದರೂ ಅಮ್ಮ ಈಗಲೂ ಆ ಮೂರು ತಿಂಗಳ ಮಾತು ತೆಗೆಯುತ್ತಾಳೆ," ಎಂದಳು. "ನಾನು ಹೇಳಿದರೆ ನಂಬುವುದಿಲ್ಲ. ಆಫೀಸಿನವರೇ ಹೇಳಿದ್ದಾರಲ್ಲ ಎನ್ನುತ್ತಾಳೆ."

ಮುದುಕಿ ಜಗಲಿಯ ಮೇಲೆ ಕಾಲು ಚಾಚಿ ಕುಳಿತು ಬೆಳ್ಳುಳ್ಳಿ ಬಿಡಿಸುತ್ತಿದ್ದರು. ನಾನು ಪಕ್ಕದಲ್ಲಿ ಕುಳಿತು, ಕಾಗದದಲ್ಲಿದ್ದುದನ್ನು ನನ್ನ ಪುತ್ತೂರಿನ ಮಲಯಾಳದಲ್ಲಿ ಮೆಲ್ಲಗೆ ವಿವರಿಸಿದೆ. ಅವರು "ಹ್ಞಾಂ?" ಎಂದರು.

"ಕಿವಿ ಮಂದ ಚೇಚೀ, ಜೋರಾಗಿ ಹೇಳಬೇಕು."

ಜೋರಾಗಿ ಹೇಳಿದೆ.

"ಹ್ಞಾಂ?"

"ಇನ್ನೂ ಜೋರಾಗಿ."

ಸೇವೆಯುದ್ದಕ್ಕೂ ನಾನು ಕಚೇರಿಯಲ್ಲಿ ದನಿ ಎತ್ತಿದವಳಲ್ಲ; ಎತ್ತಬೇಕಾದ್ದನ್ನೆಲ್ಲ ಬರವಣಿಗೆಯಲ್ಲಿ ಎತ್ತಿದವಳು. ಅಂದು ಕಲೂರಿನ ಆ ಓಣಿಯಲ್ಲಿ ಎದ್ದು ನಿಂತು, ಎದುರು ಮನೆಯವರು ಬಾಲ್ಕನಿಗೆ ಬರುವಷ್ಟು ಗಟ್ಟಿಯಾಗಿ ಕೂಗಿದೆ: "ತಪ್ಪು ನಿಮ್ಮದಲ್ಲ ಅಮ್ಮಾ! ಮದುವೆ ಮಾಡಿದ್ದು ತಪ್ಪಲ್ಲ! ಅವತ್ತು ಆಫೀಸಿನಲ್ಲಿ ನಿಮಗೆ ಹೌದು ಎಂದವಳು ನಾನು! ನಾನು ಹೇಳಿದ್ದು ಸುಳ್ಳು! ತಪ್ಪು ನಮ್ಮದು!"

ಓಣಿಯ ತುದಿಯ ಸೈಕಲ್ ಅಂಗಡಿಯಲ್ಲಿ ಸುತ್ತಿಗೆಯ ಸದ್ದು ನಿಂತಿತು. ಇನ್ನೊಮ್ಮೆ ಕೂಗಲೆಂದು ನಾನು ಉಸಿರು ತೆಗೆದುಕೊಂಡೆ. ಮುದುಕಿ ಬೆಳ್ಳುಳ್ಳಿಯ ಕೈಯಿಂದಲೇ ನನ್ನ ಮುಂಗೈ ಹಿಡಿದು ಕೆಳಗೆ ಕೂರಿಸಿದರು.

"ಕೂಗಬೇಡ ಮಗಳೇ," ಎಂದರು. "ಕೇಳಿಸಿತು."